ಹಲಗೆ ಬೇಲಿಯ ಕಾಲ

ಭಾನುವಾರ, ಜೂನ್ 8

ಆ ವಾಲ್ದೆಮಾರನ ಮಾತು ಇನ್ನೂ ಕಿವಿಯಲ್ಲಿ ಕುಟುಕುತ್ತಿದೆ. ಈ ವರ್ಷ ಸ್ಪೀಡ್‌ವೇ ಬೈಕ್ ರೇಸಿನ ಮೈದಾನದಲ್ಲಿ ನನ್ನ ಪಕ್ಕದ ಸೀಟಿಗೆ ವಕ್ಕರಿಸಿ, ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳುವ ಮುದುಕ. ಇವತ್ತು ತಿರುವಿನಲ್ಲಿ ಒಬ್ಬ ಹುಡುಗ ಬೈಕ್ ಸಮೇತ ಗಾಳಿ ತುಂಬಿದ ಬೇಲಿಗೆ ಬಿದ್ದು, ಎದ್ದು, ಮೈ ಕೊಡವಿಕೊಂಡು ಹೋದ.

“ಥೂ, ದಿಂಬಿನ ಮೇಲೆ ಬೀಳೋದೂ ಒಂದು ರೇಸಾ? ನಮ್ಮ ಕಾಲದಲ್ಲಿ ಹಲಗೆ ಬೇಲಿ ಇತ್ತಮ್ಮಾ. ಆಗ ಓಡಿಸ್ತಿದ್ದೋರು ಗಂಡಸರು!” ಎಂದ.

“ಆ ಹಲಗೆಗೆ ಬಡಿದೇ ನಮ್ಮಣ್ಣ ಸತ್ತಿದ್ದು ಕಣಯ್ಯಾ. ಇದೇ ತಿರುವಲ್ಲಿ. ಒಂದು ರೇಸೂ ತಪ್ಪಿಸಿಲ್ಲ ಅಂತೀಯಲ್ಲ, ನೋಡಿರಬೇಕು ನೀನು.”

ಪೋಲೆಂಡಿನ ಹಳೆಯ ಚಾಂಪಿಯನ್ನರ ಹೆಸರನ್ನೆಲ್ಲ ಬಾಯಿಪಾಠ ಒಪ್ಪಿಸುವ ಮನುಷ್ಯ ತಲೆ ಕೆರೆದುಕೊಂಡ. “ಯಾರು ನಿಮ್ಮಣ್ಣ? ಹೆಸರೇನು?”

ನಾನು ಹೇಳಲಿಲ್ಲ. ಅವನ ಬಾಯಲ್ಲಿ ಆ ಹೆಸರು ಬರುವುದೇ ಬೇಡ. ಗಂಡಸರಂತೆ! ಅಣ್ಣ ಸತ್ತ ಮೇಲಷ್ಟೇ ತೆಗೆದ ಆ ಹಲಗೆಗಳನ್ನು ಒಂದು ವರ್ಷ ಮೊದಲೇ ಕಿತ್ತು ಒಲೆಗೆ ಹಾಕಿದ್ದರೆ…