ರವಿಕೆ ತೋಳಿನ ಹಚ್ಚೆ

ಮಾಂಬಳ್ಳಿ
೧೪-೬-೨೦೨೪

ನನ್ನ ಮಗಳು ನಾಗಶ್ರೀಗೆ ಅವ್ವನ ಆಶೀರ್ವಾದ. ಅಳಿಯಂದಿರನ್ನೂ ಕೇಳಿದೆನೆಂದು ಹೇಳು.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ನಾವಿಬ್ಬರೂ ಕದ್ದು ಸೇರಿದ್ದಾಗ, ಕೈಗೆ ಟ್ಯಾಟೂ ಹಾಕಿಸಿಕೊಳ್ಳುತ್ತೇನೆ ಎಂದಿದ್ದೆಯಲ್ಲ, ಈ ಕಾಗದ ಓದುವ ತನಕ ಹಾಕಿಸಬೇಡ. ನಿನಗಿಂತ ಮುಂಚೆ ನಾನು ಹಾಕಿಸಿಕೊಂಡು ಅನುಭವಿಸಿದ್ದೇನೆ. ನಗಬೇಡ. ಫೋನಿನಲ್ಲಿ ಹೇಳಲು ಹೋದರೆ ನನಗೆ ಅಳು ಬರುತ್ತದೆ. ಅದೂ ಅಲ್ಲದೆ, ನೀನು ಮೆಚ್ಚಿದವನನ್ನು ಮದುವೆಯಾದಂದಿನಿಂದ ನಿನ್ನ ಹೆಸರೆತ್ತಿದರೆ ಅಪ್ಪಾಜಿ ಊಟ ಬಿಟ್ಟು ಏಳುತ್ತಾರೆ.

ನಿನ್ನನ್ನು ನೋಡಿ ಬಂದ ಮೇಲೆ ಹನೂರಿಗೆ ಚಿಕ್ಕಮ್ಮನ ಮನೆಗೆಂದು ಹೋದವಳು, ಸಂತೆಯಲ್ಲಿ ಮೆಷಿನ್ ಇಟ್ಟುಕೊಂಡು ಕೂತಿದ್ದವನ ಮುಂದೆ ತೋಳು ಚಾಚಿದೆ. ಮುಂಗೈಗೆ ಬೇಡ, ರವಿಕೆ ತೋಳಿನೊಳಗೆ ಮುಚ್ಚಿಹೋಗುವಂತೆ ಹಾಕು ಎಂದೆ. ನನಗಿಂತ ಮುಂಚೆ ಕೂತಿದ್ದವಳಿಗೆ ಚುಚ್ಚಿದ ಸೂಜಿಯನ್ನೇ ಬಟ್ಟೆಯಲ್ಲಿ ಒರೆಸಿ ನನಗೂ ಚುಚ್ಚಿದ. ನೋಡಿಯೂ ಸುಮ್ಮನಿದ್ದೆನಲ್ಲ, ನನ್ನ ಬುದ್ಧಿಗಿಷ್ಟು! ನೀನು ಹಾಗಿರಬೇಡ. ಸೂಜಿಯ ಪ್ಯಾಕೆಟ್ಟನ್ನು ನಿನ್ನ ಕಣ್ಣೆದುರೇ ಒಡೆಯಬೇಕು, ಕೈಗೆ ಗ್ಲೌಸ್ ಇರಬೇಕು, ಇಂಕನ್ನು ಹೊಸದಾಗಿ ಸುರಿಯಬೇಕು. ಇಲ್ಲವೆಂದರೆ ಎದ್ದು ಬಾ.

ಮನೆಗೆ ಬಂದು, ಹಿಂದಿನವರು ಮಾಡುತ್ತಿದ್ದಂತೆ ಅರಿಶಿನ, ಹರಳೆಣ್ಣೆ ಬಳಿದು ಬಿಗಿ ರವಿಕೆ ತೊಟ್ಟೆ. ಮೊದಮೊದಲು ಸ್ವಲ್ಪ ಕೆಂಪು, ಸ್ವಲ್ಪ ಉರಿ ಇದ್ದೇ ಇರುತ್ತದಂತೆ, ದಿನ ಕಳೆದಂತೆ ಇಳಿಯಬೇಕಂತೆ. ನನ್ನದು ಏರಿತು. ತೋಳು ಊದಿತು, ಮುಟ್ಟಿದರೆ ಬಿಸಿ, ಕೀವುಗುಳ್ಳೆ, ಮೇಲೆ ಚಳಿಜ್ವರ. ರವಿಕೆಯಂಚಿನಲ್ಲಿ ಗುಳ್ಳೆ ಕಂಡ ನಿಮ್ಮಜ್ಜಿ, "ಅಮ್ಮ ಎದ್ದವ್ಳೆ ಕಣವ್ವಾ, ಆಸ್ಪತ್ರೆ ಗೀಸ್ಪತ್ರೆ ಅನ್ಬ್ಯಾಡಿ" ಎಂದು ಹಾಸಿಗೆಗೆ ಬೇವಿನಸೊಪ್ಪು ಹರಡಿದರು. ಮನೆಯಲ್ಲಿ ಒಗ್ಗರಣೆ ನಿಂತಿತು. ಅಪ್ಪಾಜಿ ಬಾಗಿಲಿನಿಂದಲೇ ನನಗೆ ಕೈಮುಗಿದು ಹೋದರು. ಇದು ಅಮ್ಮ ಅಲ್ಲ, ಹಚ್ಚೆ ಎಂದರೆ ತೋಳು ತೋರಿಸಬೇಕು. ತೋರಿಸಿದರೆ ಓದುತ್ತಾರೆ. ಬಾಯಿ ಮುಚ್ಚಿಕೊಂಡು ಮಲಗಿದೆ.

ತೋಳಿನಿಂದ ಕಂಕುಳ ಕಡೆಗೆ ಕೆಂಪು ಗೆರೆ ಹತ್ತಿದಾಗ ನಿಜಕ್ಕೂ ಹೆದರಿದೆ. ನಿನ್ನನ್ನು ಇನ್ನೊಮ್ಮೆ ನೋಡದೆ ಹೋಗುತ್ತೇನೇನೋ ಅನ್ನಿಸಿತು. ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಅಪ್ಪಾಜಿಯ ಕೈ ಹಿಡಿದೆ. ಯಳಂದೂರಿನಲ್ಲಿ ಡಾಕ್ಟರಮ್ಮ ರವಿಕೆ ತೋಳನ್ನು ಕತ್ತರಿಸಿದರು. ಪಕ್ಕದಲ್ಲಿ ನಿಂತಿದ್ದ ಅಪ್ಪಾಜಿ ಓದಿದರು. ಬೈಯುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ಇನ್ನಷ್ಟು ತಡವಾಗಿದ್ದರೆ ನಂಜು ರಕ್ತಕ್ಕೆ ಸೇರುತ್ತಿತ್ತು ಎಂದು ಡಾಕ್ಟರಮ್ಮನೇ ಬೈದರು.

ಈಗ ಜ್ವರ ಬಿಟ್ಟಿದೆ. ಹುಷಾರಾಯಿತೆಂದು ಮಾತ್ರೆಯನ್ನು ನಡುವೆ ನಿಲ್ಲಿಸುವಂತಿಲ್ಲ. ಗಾಯ ಕೆರೆಯುವಂತಿಲ್ಲ, ಅರಿಶಿನ ಎಣ್ಣೆ ಸೋಕಿಸುವಂತಿಲ್ಲ, ಸಡಿಲ ಬಟ್ಟೆಯನ್ನೇ ತೊಡಬೇಕು. ಒಂದೇ ಕೈಯಲ್ಲಿ ತೊಳೆಯಲು ನನಗಾಗದು, ಅಜ್ಜಿಗೆ ಕಣ್ಣು ಮಂಜು. ಅಪ್ಪಾಜಿಯೇ ಮೊದಲು ತಮ್ಮ ಕೈ ಸೋಪಿನಲ್ಲಿ ತೊಳೆದುಕೊಂಡು, ನನ್ನ ತೋಳು ತೊಳೆದು, ಉಜ್ಜದೆ ಮೆತ್ತಗೆ ಒತ್ತಿ ಒರೆಸಿ ಮುಲಾಮು ಹಚ್ಚುತ್ತಾರೆ. ಏನು ಬರೆಸಿದ್ದೆ ಎಂದು ನಿನಗೆ ಇನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂತು ನಿನ್ನ ಅವ್ವ
ಪುಟ್ಟಗೌರಮ್ಮ

ತಾ.ಕ.: ಕೀವು ಕಟ್ಟಿದ ಕಡೆ 'ಶ್ರೀ' ಮಾಸಿಹೋಗಿ ಬರೀ 'ನಾಗ' ಉಳಿದಿದೆ. ಬೆಳಿಗ್ಗೆ ಮುಲಾಮು ಹಚ್ಚುತ್ತಾ ಅಪ್ಪಾಜಿ, "ನೋಡ್ದೋರು ಯಾವನೋ ನಾಗ ಅಂದ್ಕತಾರೆ. ಪೂರ್ತಿ ವಾಸಿಯಾಗ್ಲಿ, ಅವ್ಳೇ ಬಂದು ಒಳ್ಳೆ ಕಡೆ ಕರ್ಕಂಡೋಗಿ ಸರಿ ಮಾಡುಸ್ಲಿ" ಎಂದರು. ಅವಳೆಂದರೆ ಯಾರು ಎಂದು ಬೇಕೆಂದೇ ಕೇಳಿದೆ. ಮೂರಕ್ಷರವನ್ನೂ ಹೇಳಿದರು.