ಟೆಂಪಿಯ ಅಳತೆ ಕಡ್ಡಿ

ವಿಲ್ಲೋ ಬ್ರೂಕ್, ಮ್ಯಾಸಚೂಸೆಟ್ಸ್
೧೭ ಫೆಬ್ರವರಿ ೧೮೬೧

ಪ್ರೀತಿಯ ತಂಗಿ ಲೊವೀನಾ,

ನಿನ್ನ ಕಾಗದವೂ ನಿಮ್ಮ ಆಳುಗಳ ಕಾಲಿನ ಅಳತೆ ಕಡ್ಡಿಗಳ ಕಟ್ಟೂ ಒಟ್ಟಿಗೇ ಬಂದವು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ಅಷ್ಟೊಂದು ಕ್ಷೇಮವೇನೂ ಇಲ್ಲ. ನಿಮ್ಮ ಜಾರ್ಜಿಯಾ ಒಕ್ಕೂಟ ಬಿಟ್ಟ ಸುದ್ದಿ ಬಂದ ಮೇಲೆ ಜೋಡಿನ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ನಿಮ್ಮ ಹೊಲಗಳಿಗೆ ಹೋಗುವ ಒರಟು ಜೋಡು ಬಿಟ್ಟರೆ ಈ ಊರಿಗೆ ಬೇರೆ ಕಸುಬು ಎಲ್ಲಿದೆ? ಅಪ್ಪ ಹೋದ ಮೇಲೆ ಅವರು ಜೋಡು ಹೊಲಿಯುತ್ತಿದ್ದ ಕೊಟ್ಟಿಗೆಯಲ್ಲಿ ನಾನೇ ಕೂರುತ್ತೇನೆ. ಹೆಂಗಸು ಮೇಲ್ಚರ್ಮ ಹೊಲಿಯಬೇಕೇ ಹೊರತು ಅಟ್ಟೆಗೆ ಮೊಳೆ ಹೊಡೆಯಬಾರದು ಎಂದು ಊರಿನವರು ಈಗಲೂ ಗೊಣಗುತ್ತಾರೆ. ನಾನು ಹೊಡೆಯುತ್ತೇನೆ.

ಕಳೆದ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ತೊಗಲಿನ ವ್ಯಾಪಾರಿ ಟಫ್ಟ್ಸ್ ನನ್ನನ್ನು ತಡೆದು ನಿಲ್ಲಿಸಿದ. "ಏನ್ ಕೆಜೈಯಾ, ಗುಲಾಮಗಿರಿ ಪಾಪ ಅಂತ ಭಾಷಣ ಬಿಗಿಯೋರ ಪಕ್ಕ ಹೋಗಿ ಕೂತ್ಕೋತೀಯಲ್ಲ, ನಾಳೆ ಅವರೇನು ನಿನ್ನ ಜೋಡು ಕೊಂಡ್ಕೋತಾರಾ?" ಎಂದ. ಸುತ್ತ ನಿಂತವರೆಲ್ಲ ನಕ್ಕರು. ನನಗೆ ಕೋಪ ಬಂತು. ಆದರೂ ಅವನು ಹೇಳಿದ್ದು ನಿಜವೇ. ನೀವು ಬೆಳೆಯುವ ಹತ್ತಿಯನ್ನು ನಮ್ಮ ಹೊಳೆದಂಡೆಯ ಗಿರಣಿಗಳು ನೇಯುತ್ತವೆ, ಅದನ್ನು ಬಾಸ್ಟನ್ನಿನ ಹಡಗುಗಳು ಹೊರುತ್ತವೆ, ಬಿಡಿಸುವವರ ಕಾಲಿಗೆ ನಾವು ಜೋಡು ಹೊಲಿಯುತ್ತೇವೆ. ಪಾಪ ನಿಮ್ಮದು, ಊಟ ಮಾತ್ರ ನಮ್ಮದು ಎನ್ನುವ ಮುಖ ನನಗಿಲ್ಲ.

ಜಗಳ ಸುಂಕದ್ದು, ಮಾನದ್ದು ಎಂದು ನಿನ್ನ ಗಂಡ ಥ್ಯಾಡಿಯಸ್ ಹೇಳುತ್ತಾರೆಂದು ಬರೆದಿದ್ದೀಯ. ನಿಮ್ಮ ರಾಜ್ಯದವರೇ ಕೊಟ್ಟ ಕಾರಣಗಳನ್ನು ನಮ್ಮ ಪತ್ರಿಕೆ ಅಚ್ಚು ಹಾಕಿದೆ. ಎರಡನೆಯ ವಾಕ್ಯಕ್ಕೇ ಗುಲಾಮಗಿರಿಯ ಮಾತು ಬಂದಿದೆ. ನಿನ್ನ ಕಾಗದವಂತೂ ಇನ್ನೂ ಪ್ರಾಮಾಣಿಕವಾಗಿದೆ: ಹಳೆಯ ಹೊಲ ಸತ್ವ ಕಳೆದುಕೊಂಡಿದೆ, ಥ್ಯಾಡಿಯಸ್‌ಗೆ ಪಶ್ಚಿಮದಲ್ಲಿ ಹೊಸ ನೆಲ ಬೇಕು, ಅದಕ್ಕೆ ಸಾಲ ಬೇಕು, ಸಾಲಕ್ಕೆ ಆಳುಗಳನ್ನೇ ಅಡವಿಟ್ಟಿದ್ದಾರೆ, ಹೊಸ ಅಧ್ಯಕ್ಷನ ಕಡೆಯವರು ಹೊಸ ನೆಲಕ್ಕೆ ಗುಲಾಮರನ್ನು ಒಯ್ಯಬಾರದು ಎನ್ನುತ್ತಾರೆ. ಇಷ್ಟು ಬರೆದ ಮೇಲೆ ಸುಂಕದ ಮಾತು ಯಾಕಮ್ಮ?

ಈಗ ನೀನು ಕೇಳಿದ ವಿಷಯಕ್ಕೆ ಬರುತ್ತೇನೆ. ಕಳೆದ ಶರತ್ಕಾಲದಲ್ಲಿ ನಿಮ್ಮ ಮನೆಯಿಂದ ಓಡಿಹೋದ ಆಳು ಸಿಲ್ವಿ ನನ್ನ ಬಾಗಿಲಿಗೇನಾದರೂ ಬಂದರೆ ಬಾಸ್ಟನ್ನಿನ ಮಾರ್ಷಲನಿಗೆ ತಿಳಿಸು ಎಂದಿದ್ದೀಯ. ಒಕ್ಕೂಟವನ್ನು ಬಿಟ್ಟು ನಡೆದವರಿಗೆ ಓಡಿಹೋದವಳನ್ನು ಹಿಡಿಯಲು ಒಕ್ಕೂಟದ ಮಾರ್ಷಲನೇ ಬೇಕಾಯಿತಲ್ಲ! ಸಿಟ್ಟಾಗಬೇಡ. ಅಕ್ಕನಿಗೆ ಇಷ್ಟು ಛೇಡಿಸುವ ಹಕ್ಕು ಇದೆ.

ಸಿಲ್ವಿ ಬಂದಳು. ಮೊದಲ ಹಿಮ ಬಿದ್ದ ವಾರ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಕಾಲಲ್ಲಿ ಅಪ್ಪ ಮಾಡಿದ ಜೋಡು; ಹಿಮ್ಮಡಿಯ ಮೇಲೆ ಅವರ ಮೊಳೆಸಾಲು ಕಂಡೊಡನೆ ನನಗೆ ಅಳು ಬಂತು. ದಾರಿ ಹೇಳಿದವರು ಯಾರು ಎಂದು ಕೇಳಿದೆ. "ಅಮ್ಮೋರೇ ಹೇಳಿದ್ದು ಅಕ್ಕೋರೆ. ಅವರು ಬಸುರಿಯಾಗಿದ್ದಾಗ ನಾನು ಬೀಸಣಿಗೆ ಬೀಸ್ತಿದ್ದೆ. ಸವಾನಾದಿಂದ ಹತ್ತಿ ಹಡಗು ಬಾಸ್ಟನ್‌ಗೆ ಹೋಗತ್ತೆ, ಅಲ್ಲಿಂದ ಹೊಳೆ ಹಿಡ್ಕೊಂಡು ಹೋದ್ರೆ ನಮ್ಮೂರು, ಸೇತುವೆ ದಾಟಿದ್ರೆ ಎಲ್ಮ್ ಮರದ ಮನೆ ನಮ್ದು ಅಂತ ದಿನಾ ಹೇಳ್ಕೊಂಡು ಅಳ್ತಿದ್ರು" ಎಂದಳು. ಲೊವೀನಾ, ತವರಿನ ನೆನಪಾಗಿ ನೀನು ಮಾತಾಡಿದೆ. ಬೀಸಣಿಗೆ ಹಿಡಿದವಳಿಗೂ ಕಿವಿ ಇದೆ ಎಂಬುದು ನಿಮ್ಮ ಮನೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಕಡ್ಡಿಗಳ ಕಟ್ಟು ಬಂದ ದಿನವೂ ಅವಳು ಇಲ್ಲೇ ಇದ್ದಳು. ನಾನು ಎಂದಿನಂತೆ ಒಂದೊಂದೇ ಕಡ್ಡಿ ಎತ್ತಿ, ಅದರ ಮೇಲಿನ ಹೆಸರು ಓದಿ, ಸಾಲಾಗಿ ಇಡುತ್ತಿದ್ದೆ. ಕೊನೆಯದು ಎಲ್ಲಕ್ಕಿಂತ ಚಿಕ್ಕದು, ಹಿಂದೆಂದೂ ಬಂದಿರದ್ದು. ಟೆಂಪಿ ಎಂದು ಓದಿದೆ. ಸಿಲ್ವಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ತನ್ನ ಅಂಗೈ ಮೇಲೆ ಇಟ್ಟುಕೊಂಡಳು. ಅವಳಿಗೆ ಓದು ಬಾರದು. ಆದರೆ ಹೊಲದ ಕೆಲಸಕ್ಕೆ ಇಳಿಸುವವರೆಗೆ ಮಕ್ಕಳಿಗೆ ಜೋಡು ಕೊಡುವುದಿಲ್ಲ ಎಂಬುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ಅವಳ ಮಗಳು ಟೆಂಪಿಯನ್ನು ಅಡುಗೆಮನೆಯಲ್ಲೇ ಇಟ್ಟುಕೊಳ್ಳುತ್ತೇನೆಂದು ನೀನು ಮಾತು ಕೊಟ್ಟಿದ್ದೆಯಂತೆ.

ನಿನ್ನ ಕಾಗದದ ಉಳಿದ ಭಾಗವನ್ನೂ ಓದಿ ಹೇಳಿದೆ. ಮುಚ್ಚಿಡಲು ಮನಸ್ಸಾಗಲಿಲ್ಲ. ಬಿತ್ತನೆಯ ಹೊತ್ತಿಗೆ ಸಿಲ್ವಿ ಸಿಗದಿದ್ದರೆ ಅಡಮಾನದಲ್ಲಿ ಅವಳ ಜಾಗಕ್ಕೆ ಟೆಂಪಿಯನ್ನು ಸೇರಿಸಬೇಕು, ಆ ಹುಡುಗಿ ನಿನ್ನ ಅತ್ತೆ ನಿನಗೆ ಬರೆದುಕೊಟ್ಟವಳಾದ್ದರಿಂದ ನಿನ್ನ ರುಜು ಬೇಕು, ಥ್ಯಾಡಿಯಸ್ ದಿನವೂ ಕೇಳುತ್ತಿದ್ದಾರೆ ಎಂದು ಬರೆದಿದ್ದೀಯಲ್ಲ, ಅದನ್ನು. ಸಿಲ್ವಿ ಎದ್ದು ಶಾಲು ಹೊದ್ದು ಬಾಗಿಲವರೆಗೆ ಹೋದಳು. ಹಿಂದಿರುಗಿ ಹೋಗುತ್ತಾಳೆ ಎಂದೇ ತಿಳಿದೆ. ತಡೆಯಲು ನನಗೇನು ಅಧಿಕಾರ? ಚಿಲಕದ ಮೇಲೆ ಕೈಯಿಟ್ಟವಳು ವಾಪಸು ಬಂದು ಕೂತಳು. "ನಾನು ಹೋದ್ರೆ ಇಬ್ಬರೂ ಅವರ ಕೈಲೇ ಇರ್ತೀವಿ ಅಕ್ಕೋರೆ. ಆಮೇಲೆ ಅವಳನ್ನ ಬಿಡಿಸ್ಕೊಳ್ಳೋಕೆ ಹೊರಗಡೆ ಯಾರೂ ಇರಲ್ಲ" ಎಂದಳು. ಅವಳು ಅಳಲಿಲ್ಲ. ನಾನು ಅತ್ತೆ.

ಆದ್ದರಿಂದ ಮಾರ್ಷಲನಿಗೆ ನಾನು ಹೇಳಿಲ್ಲ, ಹೇಳುವುದೂ ಇಲ್ಲ. ಈ ಕಾಗದ ನಿನ್ನ ಕೈ ಸೇರುವಾಗ ಅವಳು ಈ ದೇಶದ ಯಾವ ಮಾರ್ಷಲನಿಗೂ ಎಟುಕದ ಕಡೆ ಇರುತ್ತಾಳೆ. ಕಡ್ಡಿಗಳನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ. ಈ ಸಲ ನಿಮ್ಮ ಹೊಲಕ್ಕೆ ನಾನು ಜೋಡು ಮಾಡುವುದಿಲ್ಲ. ಇಷ್ಟು ವರ್ಷ ಮಾಡಿದ್ದೇ ಹೆಚ್ಚಾಯಿತು. ಮುಂದೆ ಹೊಟ್ಟೆಪಾಡು ಹೇಗೆಂದು ಗೊತ್ತಿಲ್ಲ, ಟಫ್ಟ್ಸ್‌ಗೆ ನಗಲು ಇನ್ನೊಂದು ಕಾರಣ ಸಿಕ್ಕಿತು.

ನಿನ್ನನ್ನು ಒಂದೇ ಒಂದು ಕೇಳುತ್ತೇನೆ. ಆ ಅಡಮಾನ ಪತ್ರಕ್ಕೆ ರುಜು ಹಾಕಬೇಡ. ಗಂಡ ಗದರಲಿ, ಊಟ ಬಿಡಲಿ, ಸಾಲ ಕೊಟ್ಟವರು ಬಂದು ಜಗಲಿಯಲ್ಲಿ ಕೂರಲಿ, ಹಾಕಬೇಡ. ಆ ಮನೆಯಲ್ಲಿ ನಿನ್ನದೆಂದು ಇರುವುದು ಟೆಂಪಿಯೊಬ್ಬಳೇ ಎಂದು ನೀನೇ ಒಮ್ಮೆ ಬರೆದಿದ್ದೆ. ನಿನ್ನದಾದರೆ ಬಿಡುಗಡೆ ಮಾಡುವ ಹಕ್ಕೂ ನಿನ್ನದೇ. ಅಲ್ಲಿಯ ಕಾನೂನು ಬಿಡುವುದಿಲ್ಲ ಎನ್ನುತ್ತೀಯ. ಬಿಡುವ ದಿನ ಬರುವವರೆಗೆ ಅವಳನ್ನು ನಿನ್ನ ಸೆರಗಿನಲ್ಲಿ ಇಟ್ಟುಕೋ.

ಇದನ್ನು ಓದಿದ ಮೇಲೆ ನೀನು ಮತ್ತೆ ಬರೆಯದೇ ಹೋಗಬಹುದು. ಆ ಭಯದಿಂದ ಎರಡು ಸಲ ಈ ಹಾಳೆಯನ್ನು ಮಡಚಿ ಒಲೆಯ ಹತ್ತಿರ ಹೋಗಿದ್ದೆ. ನಿನ್ನನ್ನು ಬಿಟ್ಟರೆ ನನಗೆ ರಕ್ತಸಂಬಂಧಿಗಳು ಯಾರೂ ಇಲ್ಲ. ನಿನ್ನ ಮೇಲಿನ ಪ್ರೀತಿ ಕೂದಲಷ್ಟೂ ಕಡಿಮೆಯಾಗಿಲ್ಲ ಎಂಬುದನ್ನು ನಂಬು.

ನಿನ್ನ ಅಕ್ಕ,
ಕೆಜೈಯಾ

ಮರೆತಿದ್ದೆ: ಕಟ್ಟಿನಲ್ಲಿ ಟೆಂಪಿಯ ಕಡ್ಡಿ ಇರುವುದಿಲ್ಲ, ಹುಡುಕಬೇಡ. ಅದು ಅವಳ ತಾಯಿಯ ಹತ್ತಿರ ಇದೆ. ಅದರ ಬದಲು ಒಂದು ಜೊತೆ ಜೋಡು ಇಟ್ಟಿದ್ದೇನೆ. ಹೊಲದ ಮೇಸ್ತ್ರಿಯ ಕೈಗೆ ಕೊಡದೆ ನೀನೇ ತೊಡಿಸು. ಹೊಲಿಗೆ ಅಲ್ಲಲ್ಲಿ ಸೊಟ್ಟಗಿದೆ. ಅದು ನನ್ನ ಹೊಲಿಗೆಯಲ್ಲ, ಸಿಲ್ವಿಯದು. ಕಡ್ಡಿಗಿಂತ ಎರಡು ಬೆರಳು ಉದ್ದ ಆಯಿತಲ್ಲೇ, ಕಾಲಿಗೆ ನಿಲ್ಲುವುದಿಲ್ಲ ಎಂದು ನಾನು ಹೇಳಿದೆ. ಈಗ ಬಟ್ಟೆ ತುರುಕಿ ಹಾಕಿಕೊಳ್ಳಲಿ, ಇಲ್ಲಿಗೆ ನಡೆದು ಬರುವ ಹೊತ್ತಿಗೆ ಸರಿಹೋಗುತ್ತದೆ ಎಂದಳು.