ನವಸಾಕ್ಷರ ಅಕ್ಬರಸಾಬ

೧೪ ಅಕ್ಟೋಬರ್ ೧೯೮೦, ಸಂಜೆ

ಕಂದೀಲಿನ ಗಾಜು ಒರೆಸಿದೆ. ಚಾಪೆ ಹಾಸಿದೆ. ವಯಸ್ಕರ ಕ್ಲಾಸಿಗೆ ಬಂದವರು ನಾಲ್ವರು, ಎಲ್ಲ ಹೆಂಗಸರು. ಶೇಂಗಾ ಕೀಳುವ ಕಾಲ. ಉಳಿದವರೆಲ್ಲ ಹೊಲದಲ್ಲೇ ವಸ್ತಿ. ಶಿರಹಟ್ಟಿಯಲ್ಲಿ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ನಮ್ಮ ಸಮುದಾಯ ಕೇಂದ್ರಕ್ಕೆ ಗ್ರ್ಯಾಂಟು ಕೊಡುವ ಸಂಸ್ಥೆ ಮುಂಬಯಿಯದು.

ಕಸ್ತೂರೆವ್ವ ಒತ್ತಕ್ಷರಕ್ಕೆ ಬಂದಿದ್ದಾಳೆ. ‘ಅಕ್ಕ’ ಎಂದು ತಾನೇ ಓದಿ, ಯಾರೋ ಕರೆದಂತೆ ತಲೆಯೆತ್ತಿದಳು. ಬಸ್ಸಿನ ಬೋರ್ಡು ಓದಿಕೊಂಡು ಒಬ್ಬಳೇ ಗದಗಿಗೆ ಹೋಗಿ ಬರಬೇಕಂತೆ.

೧೬ ಅಕ್ಟೋಬರ್

ಕೇಂದ್ರದ ಕಾರ್ಯದರ್ಶಿ ಹುಚ್ಚೀರಪ್ಪನವರು ತಮ್ಮ ಅರಿವೆ-ಬಟ್ಟೆಯ ಅಂಗಡಿಗೆ ಕರೆಸಿದರು. ಸೋಮವಾರ ಗ್ರ್ಯಾಂಟಿನ ಸಂಸ್ಥೆಯ ಮೇಡಂ, ಮುಂಬಯಿಯ ಬಾಯಿಯವರ ಇನ್‌ಸ್ಪೆಕ್ಷನ್. ಸಂಗಡ ಫೋಟೋದವನು.

“ನಾಕ ಮಂದಿ ತೋರಿಸಿದರ ಕೇಂದ್ರ ಬಂದ್ ಆಗತೈತಿ ಮಾಸ್ತರ್ರ. ಚಾಪಿ ತುಂಬಸ್ರಿ.”

ಕಲಿಯುವವರು ಊರಲ್ಲೇ ಇಲ್ಲ ಎಂದೆ.

“ಕಲತವರು ಅದಾರಲ್ಲ. ಒಂದ ತಾಸು ಮರತರ ಆತು.”

ಅಂಗಡಿಯ ಆಳುಗಳನ್ನೂ ಗುಮಾಸ್ತರನ್ನೂ ಕಳಿಸುತ್ತಾರಂತೆ. ಆದರೆ ಮುಂದಿನ ಸಾಲಿಗೆ ಒಬ್ಬ ವಯಸ್ಸಾದ ಮನುಷ್ಯ ಬೇಕು, ಬಿಳಿ ಗಡ್ಡ ಫೋಟೋಕ್ಕೆ ಒಪ್ಪುತ್ತದೆ ಎಂದರು. ಯಾರ ಹೆಸರನ್ನೂ ಅವರು ಹೇಳಲಿಲ್ಲ. ಅಕ್ಬರಸಾಬರ ಹೆಸರು ಹೇಳಿದ್ದು ನಾನು.

೧೭ ಅಕ್ಟೋಬರ್

ಅಕ್ಬರಸಾಬರು ತಾಲೂಕು ಕಚೇರಿಯ ಮುಂದೆ, ಬೇವಿನ ಕೆಳಗೆ, ಪೆಟ್ಟಿಗೆ ಇಟ್ಟುಕೊಂಡು ಅರ್ಜಿ ಬರೆಯುವವರು. ನಾನು ಓದುವಂಥ ಕಾದಂಬರಿಗಳನ್ನು ಓದುವ ಇನ್ನೊಬ್ಬರು ಈ ಊರಲ್ಲಿ ಅವರೇ. ಕೊಟ್ಟಿದ್ದ ರಷ್ಯನ್ ಪುಸ್ತಕ ಹಿಂದಿರುಗಿಸಿದರು.

“ಕತಿ ಚಲೋ ಐತ್ರಿ. ಆದರ ಆ ಹಿಮದಾಗ ಕುಂತು ಹೋಳಗಿ ತಿಂತಾನಂತ. ಯಾರ ಮಾಡಿಕೊಟ್ಟರ್ರಿ ಅವಗ ಹೋಳಗಿ?”

ಅನುವಾದಕನಿಗೆ ಬೇರೆ ಶಬ್ದ ಸಿಕ್ಕಿರಲಿಕ್ಕಿಲ್ಲ ಎಂದೆ. ನಕ್ಕರು. ಆ ನಗೆಯ ನಡುವೆಯೇ ಕೇಳಿಬಿಟ್ಟೆ. ಒಂದು ಸಂಜೆ… ಬರೆಯಲು ಬಾರದವರ ಹಾಗೆ… ಕಸ್ತೂರೆವ್ವನಂಥವರ ಸಲುವಾಗಿ…

ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. “ಇಷ್ಟ ವರ್ಷ ಮಂದೀ ಪರವಾಗಿ ಸುಳ್ಳ ಬರದೇನಿ. ಒಂದ ಸಂಜಿ ನಿಮ್ಮ ಪರವಾಗಿ ಸುಮ್ಮನ ಕುಂಡ್ರತೇನಿ ತಗೋರಿ.”

೨೦ ಅಕ್ಟೋಬರ್, ಕ್ಲಾಸು ಮುಗಿದ ಮೇಲೆ

ಚಾಪೆ ತುಂಬಿತ್ತು. ಗುಮಾಸ್ತರು ಜೇಬಿನ ಪೆನ್ನು ತೆಗೆಯಲು ಮರೆತಿದ್ದರು. ನಾನೇ ಒಬ್ಬೊಬ್ಬರ ಹತ್ತಿರ ಹೋಗಿ ಇಸಿದುಕೊಂಡೆ.

ಬಾಯಿಯವರು ಒಳ್ಳೆಯ ಹೆಂಗಸು. ನೆಲದ ಮೇಲೆಯೇ ಕೂತರು. ಕನ್ನಡ ಬಾರದು. ಬೋರ್ಡಿನ ‘ಅ’ ನೋಡಿಕೊಳ್ಳುತ್ತ ಅಕ್ಬರಸಾಬರ ಕೈ ಹಿಡಿದು ಪಾಟಿಯ ಮೇಲೆ ತಿದ್ದಿಸಿದರು. ಅಕ್ಷರ ತಪ್ಪು ದಿಕ್ಕಿಗೆ ಹೊರಳಿತು. ಸರಿಮಾಡಲೆಂದು ಅಕ್ಬರಸಾಬರ ಬೆರಳು ಬಿಗಿಯಾದದ್ದು ನನಗೆ ಕಂಡಿತು. ಆಮೇಲೆ ಬಿಟ್ಟುಕೊಟ್ಟರು. ಕೈ ಎಳೆದತ್ತ ಹೋಯಿತು. ಫ್ಲ್ಯಾಶ್.

ಕಸ್ತೂರೆವ್ವ ಎರಡು ಸಾಲು ನಿಜವಾಗಿ ಓದಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತಳು. “ಮಾಸ್ತರ್ರ, ನನ್ನ ರೇಶನ್ ಕಾರ್ಡಿನ ಅರ್ಜಿ ಈ ಸಾಬರ ಅಲ್ಲೇನ್ರಿ ಬರದಿದ್ದು?”

ಸುಮ್ಮನಿರು ಎಂದೆ.

೯ ನವೆಂಬರ್

ಗ್ರ್ಯಾಂಟು ಮುಂದುವರಿಯಿತು. ಗದಗಿನ ವಾರಪತ್ರಿಕೆಯೊಂದರಲ್ಲಿ ಫೋಟೋ. ‘ಇಳಿವಯಸ್ಸಿನಲ್ಲಿ ಮೊದಲ ಅಕ್ಷರ ತಿದ್ದಿದ ಶಿರಹಟ್ಟಿಯ ಅಕ್ಬರಸಾಬ.’ ಮುಖ ಸ್ಪಷ್ಟ ಬಂದಿದೆ. ಹಿಂದೆ ನಾನು, ಅರ್ಧ.

ಹೆಸರು ಯಾರು ಕೊಟ್ಟರು ಎಂದು ಹುಚ್ಚೀರಪ್ಪನವರನ್ನು ಕೇಳಿದೆ. “ಖರೆ ಹೆಸರು ಕೊಟ್ಟರ ನಂಬತಾರ್ರಿ,” ಎಂದು ಪೇಡೆ ಕೈಗಿಟ್ಟರು. ತಿಂದೆ.

೧೩ ನವೆಂಬರ್

ಬರೆಯಬಾರದು ಅಂದುಕೊಂಡಿದ್ದೆ.

ಬೆಳಿಗ್ಗೆ ಕಚೇರಿಯ ಮುಂದೆ ಗುಂಪು. ಬೇವಿನ ಬೊಡ್ಡೆಗೆ ಆ ಫೋಟೋ ಅಂಟಿಸಿದ್ದಾರೆ. ಇನ್ನೊಬ್ಬ ಅರ್ಜಿ ಬರೆಯುವವನ ಕೆಲಸವಂತೆ. ಅಕ್ಬರಸಾಬರ ಪೆಟ್ಟಿಗೆಯ ಎದುರು ಮಾಗಡಿಯ ಒಬ್ಬ ರೈತ ನಿಂತಿದ್ದ, ನಿಜಲಿಂಗಪ್ಪ ಎಂದು.

“ಹೋದ ವರ್ಷ ನನ್ನ ಅರ್ಜಿ ಯಾಕ ಬಿತ್ತು ಅಂತ ಈಗ ತಿಳೀತು. ‘ಅ’ ಬರದಾಂವ ಏನ ಬರದಿದ್ದಿ ಸಾಬಾ ಅದರಾಗ? ಇರುವಿ ಸಾಲ ಗೀಚಿದ್ದೇನ?”

ಮಂದಿ ನಕ್ಕರು. ಅಕ್ಬರಸಾಬರು ಪೆನ್ನಿನ ಟೊಪ್ಪಿ ತೆಗೆಯುವುದು, ಹಾಕುವುದು ಮಾಡುತ್ತಿದ್ದರು. ಯಾರೋ ನನ್ನನ್ನು ನೋಡಿದರು. “ಮಾಸ್ತರ ಬಂದರು, ಅವರನ್ನ ಕೇಳ್ರಿ.”

ಹೇಳಬೇಕಾದದ್ದು ಬಾಯಲ್ಲಿತ್ತು. ಅವರಿಗೆ ಮೊದಲಿನಿಂದ ಬರುತ್ತದೆ, ಸುಳ್ಳು ನನ್ನದು. ಹೇಳಿದರೆ ಕೇಂದ್ರ ಉಳಿಯುವುದಿಲ್ಲ. ಕಸ್ತೂರೆವ್ವನ ನೆನಪಾಯಿತು ಎಂದು ಬರೆಯಬಹುದು. ಖರೆ ನೋಡಿದರೆ ನೆನಪಾದದ್ದು ನನ್ನ ಮುಖ, ಆ ಮಂದಿಯ ನಡುವೆ.

“ನನ್ನ ಕಡೆ ಕಲತಾರ,” ಎಂದೆ. “ಈಗ ಚಲೋ ಬರೀತಾರ.”

ನಿಜಲಿಂಗಪ್ಪ ನನ್ನನ್ನು ನೋಡಿದ, ಅವರನ್ನು ನೋಡಿದ, ಕೂತ. “ಹಂಗಾರ ಬರೀಪಾ. ಮಾಸ್ತರ ಜಾಮೀನ ಅದಾರ.”

ಅಕ್ಬರಸಾಬರು ಕಾಗದ ಬಿಡಿಸಿದರು. ನನ್ನತ್ತ ನೋಡದೆ, “ಗುರುಗಳ ದಯಾ,” ಎಂದರು.

೨ ಡಿಸೆಂಬರ್

ಕಚೇರಿಯ ರಸ್ತೆ ಬಿಟ್ಟಿದ್ದೇನೆ. ಹಿಂದಿನ ಓಣಿಯಿಂದ ಸುತ್ತಿ ಬರುತ್ತೇನೆ. ಹೊಸ ಪುಸ್ತಕವೊಂದು ಬಂದಿದೆ, ಬಂಗಾಳಿಯಿಂದ. ಕೊಡಲು ಹೋಗಿಲ್ಲ.

ಹುಚ್ಚೀರಪ್ಪನವರು ಹೇಳಿದರು: ಗದಗಿನಲ್ಲಿ ಸಮಾರಂಭ, ಅಕ್ಬರಸಾಬರಿಗೆ ಸರ್ಟಿಫಿಕೇಟು, ಸ್ಟೇಜಿನ ಮೇಲೆ ಪಾಠದ ಒಂದು ಪುಟ ಓದಬೇಕು. ನಾನು ಅವರನ್ನು ಕೇಳುವುದಿಲ್ಲ ಎಂದೆ. ಗಟ್ಟಿಯಾಗಿಯೇ ಎಂದೆ.

“ಬ್ಯಾಡ ಬಿಡ್ರಿ. ನಾನ ಹೇಳಿ ಕಳಸತೇನಿ.”

ಹಗುರ ಅನಿಸಿತು. ಅಷ್ಟೇ ನನ್ನ ಗಟ್ಟಿತನ.

೪ ಡಿಸೆಂಬರ್, ಮಧ್ಯಾಹ್ನ

ಕೇಂದ್ರದಲ್ಲಿ ಒಬ್ಬನೇ ಇದ್ದೆ. ಅಕ್ಬರಸಾಬರು ಬಂದರು. ಚಪ್ಪಲಿ ಹೊರಗೆ ಬಿಟ್ಟರು. ಕುರ್ಚಿ ಕೊಟ್ಟೆ. ಚಾಪೆಯ ಮೇಲೆ ಕೂತರು.

ಗದಗಿಗೆ ಹೋಗಬೇಡಿ ಎಂದೆ. ಎಲ್ಲರಿಗೂ ಖರೆ ಹೇಳಿಬಿಡುತ್ತೇನೆ ಎಂದೆ.

“ಈಗ? ಈಗ ಹೇಳಿದರ ನೀವು ಸುಳ್ಳರು, ನಾನು ಸುಳ್ಳರ ಗೆಣೆಕಾರ. ಸುಳ್ಳನ ಕೈಯಾಗ ಯಾರ ಅರ್ಜಿ ಬರಸತಾರ್ರಿ?” ದನಿ ಏರಲಿಲ್ಲ. “ಫೋಟೋ ಬಂದಾಗಿಂದ ಗಿರಾಕಿ ಮೊದಲ ಕೇಳತಾನ, ಎಷ್ಟನೇ ಕ್ಲಾಸ ಮಟಾ ಕಲತೀರಿ ಸಾಬರ ಅಂತ. ಆ ಸರ್ಟಿಫಿಕೇಟಿಗೆ ಗಾಜಿನ ಚೌಕಟ್ಟ ಹಾಕಿಸಿ ಪೆಟಿಗಿ ಮ್ಯಾಲ ಇಡತೇನಿ. ಅದ ಬೇಕಾಗೇತಿ ನನಗ.”

ಪಾಠದ ಪುಸ್ತಕ ಕೇಳಿದರು. ಕೊಟ್ಟೆ. ‘ನಮ್ಮ ಊರು’ ಪಾಠ. ಒಂದೇ ನೋಟಕ್ಕೆ ಪುಟದ ಕೊನೆ ಮುಟ್ಟಿದರು.

“ಎಷ್ಟ ತಪ್ಪ ಓದಲಿ?”

ಚೇಷ್ಟೆ ಅಂದುಕೊಂಡೆ. ಮುಖದಲ್ಲಿ ಚೇಷ್ಟೆ ಇರಲಿಲ್ಲ. ಗಿರಾಕಿಯನ್ನು, ಎಷ್ಟು ಎಕರೆ ಎಂದು ಬರೆಯಲಿ ಎಂದು ಕೇಳುವ ದನಿ.

“ಭಾಳ ಸಾಫ್ ಓದಿದರ ಸಂಶೇ ಬರತೈತಿ ಮಾಸ್ತರ್ರ.”

ಪುಸ್ತಕ ಮುಚ್ಚಬೇಕಿತ್ತು.

ಎರಡೋ ಮೂರೋ ಎಂದೆ.

“ಎಲ್ಲೆಲ್ಲಿ?”

ಪೆನ್ಸಿಲ್ ತೆಗೆದುಕೊಂಡೆ. ‘ಸ್ವಚ್ಛತೆ’ಯ ಕೆಳಗೆ ಗೆರೆ ಎಳೆದೆ. ಹೊಸಬರು ಅಲ್ಲಿ ತಡವರಿಸಿಯೇ ತಡವರಿಸುತ್ತಾರೆ. ‘ಆರೋಗ್ಯ’ದ ಕೆಳಗೆ ಇನ್ನೊಂದು. ಅವರು ಬೆರಳಿಟ್ಟು ಓದಿ ತೋರಿಸಿದರು. ತಡೆದು, ನುಂಗಿ, ಮತ್ತೆ ತಡೆದು. ಇನ್ನೂ ಸ್ವಲ್ಪ ನಿಧಾನ ಎಂದೆ. ನಾನೇ ಎಂದೆ. ಅವರು ತಲೆ ತಗ್ಗಿಸಿ ಮತ್ತೆ ಮೊದಲಿನಿಂದ—